ಕೀಟೊ, 16:8, ಸಿರಿಧಾನ್ಯ: ಮೊದಲು ದಿನಸಿ ಚೀಟಿ ನೋಡೋಣ

ಪ್ರಶ್ನೆ: ಮೇಡಂ, ನನಗೆ 41 ವರ್ಷ. ಮನೆ ವಿದ್ಯಾರಣ್ಯಪುರದಲ್ಲಿ, ಆಫೀಸು ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ. ಎತ್ತರ 170 ಸೆಂ.ಮೀ., ತೂಕ 82 ಕೆಜಿ, ಸೊಂಟ 98 ಸೆಂ.ಮೀ. ಕಳೆದ ತಿಂಗಳ ಪರೀಕ್ಷೆಯಲ್ಲಿ, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.1 ಬಂದಿದೆ. ಜೊತೆಗೆ ಕೆಲಸ ಮಾಡುವವರೊಬ್ಬರು ಕೀಟೊ (ಪಿಷ್ಟ ತೀರಾ ಕಡಿಮೆ, ಕೊಬ್ಬು ಹೆಚ್ಚು ತಿನ್ನುವ ಡಯೆಟ್) ಮಾಡಿ ಒಂದೇ ತಿಂಗಳಲ್ಲಿ 6 ಕೆಜಿ ಇಳಿಸಿದ್ದಾರೆ. ಭಾವ 16:8 ಉಪವಾಸ ಮಾಡು ಅನ್ನುತ್ತಾರೆ. ಅಮ್ಮ ಯಾವುದೋ ವಿಡಿಯೊ ನೋಡಿ, ಅನ್ನ ಬಿಟ್ಟು ಸಿರಿಧಾನ್ಯ ತಿಂದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತೆ ಅಂತಿದ್ದಾರೆ. ಅವರಿಗೆ 68 ವರ್ಷ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ ತಗೊಳ್ತಾರೆ, ನನ್ನ ಜೊತೆ ತಾವೂ ಉಪವಾಸ ಮಾಡ್ತೀನಿ ಅಂತ ಹಟ. ಮನೆಯಲ್ಲಿ ಹೆಂಡತಿ ಮತ್ತು 9 ವರ್ಷದ ಮಗಳೂ ಇದ್ದಾರೆ. ಸಸ್ಯಾಹಾರಿಗಳು, ನಾನು ಮೊಟ್ಟೆ ತಿನ್ನುತ್ತೇನೆ. ಹೊರಗೆ ಇಡ್ಲಿ, ಖಾರಾಬಾತ್, ವಾರದ ಕೊನೆಗೆ ಬಿರಿಯಾನಿ ಇರುತ್ತೆ, ಸಂಜೆ ಮಲ್ಟಿಗ್ರೇನ್ ಬಿಸ್ಕತ್ತು. ದಿನಕ್ಕೆ 4 ಕಾಫಿ, ತಲಾ 2 ಚಮಚ ಸಕ್ಕರೆ. ರಾತ್ರಿ ಒಂಬತ್ತೂವರೆಗೆ ಊಟ, ಹತ್ತೂವರೆಗೆ ಮಲಗುತ್ತೇನೆ. ಇವುಗಳಲ್ಲಿ ಯಾವುದನ್ನು ಹಿಡಿಯಲಿ? ಅನ್ನ ಬಿಡಲೇಬೇಕಾ? ಏನೇನು ತಿನ್ನುತ್ತೇವೆ ಅಂತ ಗೊತ್ತಾಗಲಿ ಎಂದು ತಿಂಗಳ ದಿನಸಿ ಚೀಟಿಯ ಫೋಟೊ ಕಳಿಸಿದ್ದೇನೆ.

ಉತ್ತರ: ಆ ಚೀಟಿ ಕಳಿಸಿದ್ದಕ್ಕೆ ನಿಮಗೆ ದೊಡ್ಡ ಧನ್ಯವಾದ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು "ನಾವು ಮನೆ ಊಟಾನೇ ಮಾಡೋದು ಮೇಡಂ, ಜಾಸ್ತಿ ಏನೂ ತಿನ್ನಲ್ಲ" ಎಂದು ಮಾತು ಶುರು ಮಾಡುತ್ತಾರೆ. ಅದು ಸುಳ್ಳಲ್ಲ. ಆದರೆ ಮನೆ ಊಟದಲ್ಲಿ ಯಾವುದು ಎಷ್ಟಿದೆ ಎನ್ನುವುದು ಆ ಮಾತಿನಲ್ಲಿ ಗೊತ್ತಾಗುವುದಿಲ್ಲ, ಚೀಟಿಯಲ್ಲಿ ಗೊತ್ತಾಗುತ್ತದೆ. ಹಾಗಾಗಿ ಕೀಟೊ ಬೇಕೇ ಉಪವಾಸ ಬೇಕೇ ಎನ್ನುವುದಕ್ಕೆ ಮೊದಲು ಚೀಟಿಯನ್ನೇ ಓದೋಣ.

ನಿಮ್ಮ ಚೀಟಿಯಲ್ಲಿ ಇರುವುದು ಇಷ್ಟು: ಸೋನಾ ಮಸೂರಿ 25 ಕೆಜಿಯ ಒಂದು ಮೂಟೆ, ಗೋಧಿ ಹಿಟ್ಟು 5, ರಾಗಿ ಹಿಟ್ಟು 2, ರವೆ 2, ಅವಲಕ್ಕಿ 1 ಕೆಜಿ. ಅಂದರೆ ಧಾನ್ಯವೇ 35 ಕೆಜಿ. ತೊಗರಿಬೇಳೆ 2, ಉದ್ದಿನಬೇಳೆ 1, ಕಡಲೆಬೇಳೆ ಹೆಸರುಬೇಳೆ ಎರಡೂ ಸೇರಿ 1, ಒಟ್ಟು 4 ಕೆಜಿ ಬೇಳೆ. ಕಡಲೆಕಾಯಿ ಬೀಜ ಅರ್ಧ ಕೆಜಿ. ಎಣ್ಣೆ 5 ಲೀಟರ್, ಸಕ್ಕರೆ 4 ಕೆಜಿ, ಬೆಲ್ಲ 1 ಕೆಜಿ. ಇಡೀ ಕಾಳು ಎನ್ನುವುದು ಒಂದೂ ಇಲ್ಲ. ಹುರುಳಿ, ಅಲಸಂದೆ, ಕಡಲೆಕಾಳು, ಹೆಸರುಕಾಳು ಯಾವುದೂ ಇಲ್ಲ.

ಇದರ ಪಕ್ಕಕ್ಕೆ ಒಂದು ಅಳತೆ ಇಡಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಪರಿಷ್ಕೃತ ಆಹಾರ ಮಾರ್ಗಸೂಚಿ ಹೊರತಂದಿತು. ದಿನಕ್ಕೆ 2000 ಕ್ಯಾಲರಿ ಬೇಕಾಗುವ ಒಬ್ಬರಿಗೆ ಅದು ಹೇಳುವುದು: ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ಸೇರಿ ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಮೊಸರು 300 ಮಿಲಿ, ಕಡಲೆಕಾಯಿ ಬಾದಾಮಿಯಂಥವು 35 ಗ್ರಾಂ, ಎಣ್ಣೆ ತುಪ್ಪ 27 ಗ್ರಾಂ. ಇವೆಲ್ಲ ಬೇಯಿಸುವ ಮೊದಲಿನ ತೂಕ. ಸಕ್ಕರೆ 25 ಗ್ರಾಂ ದಾಟಬಾರದು, ಉಪ್ಪು 5 ಗ್ರಾಂ ದಾಟಬಾರದು.

ಇದನ್ನು ನಾಲ್ಕು ಜನಕ್ಕೆ, 30 ದಿನಕ್ಕೆ ಗುಣಿಸಿ. ಧಾನ್ಯ 30 ಕೆಜಿ. ಬೇಳೆಕಾಳು ಹತ್ತು ಕೆಜಿಗೂ ಸ್ವಲ್ಪ ಮೇಲೆ. ಎಣ್ಣೆ, ತುಪ್ಪ, ಬೆಣ್ಣೆ ಎಲ್ಲ ಸೇರಿ ಮೂರೂವರೆ ಲೀಟರ್. ಸಕ್ಕರೆ, ಬೆಲ್ಲ, ಬಿಸ್ಕತ್ತು, ಬೇಕರಿ ತಿಂಡಿಯೊಳಗಿನ ಸಕ್ಕರೆ ಎಲ್ಲ ಸೇರಿ ಹೆಚ್ಚೆಂದರೆ 3 ಕೆಜಿ. ನಿಮ್ಮ ಮನೆಯಲ್ಲಿ ಒಂದು ಮಗು, ಒಬ್ಬರು ವಯಸ್ಸಾದವರು ಇರುವುದರಿಂದ ಲೆಕ್ಕ ಇನ್ನೂ ಕೊಂಚ ಕಡಿಮೆಯೇ ಆಗಬೇಕು. ಆದರೂ ಧಾನ್ಯ 5 ಕೆಜಿ ಹೆಚ್ಚಿದೆ, ನೀವು ಹೊರಗೆ ತಿನ್ನುವ ಇಡ್ಲಿ, ಖಾರಾಬಾತ್, ವಾರದ ಕೊನೆಯ ಬಿರಿಯಾನಿ ಇದಕ್ಕೆ ಸೇರಿಲ್ಲ. ಬೇಳೆ ಮಾತ್ರ ಬೇಕಾದ್ದರಲ್ಲಿ ಅರ್ಧಕ್ಕಿಂತ ಕಡಿಮೆ.

ನಿಮ್ಮ ಸಮಸ್ಯೆ ಇಲ್ಲಿದೆ. ನಿಮ್ಮದೊಬ್ಬರದೇ ಅಲ್ಲ, ಬೆಂಗಳೂರಿನಲ್ಲಿ ನಾನು ನೋಡುವ ಬಹುಪಾಲು ಸಸ್ಯಾಹಾರಿ ಮನೆಗಳದ್ದು. "ದಿನಾ ಸಾರು ಮಾಡ್ತೀವಲ್ಲ, ಬೇಳೆ ತಿಂದ ಹಾಗಾಯ್ತಲ್ಲ" ಎನ್ನುತ್ತಾರೆ. ನೂರು ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ. ಆ ನೂರು ಗ್ರಾಂ ಕುಕ್ಕರಿಗೆ ಹಾಕಿ, ಹುಣಸೆರಸ, ಸಾರಿನಪುಡಿ ಸೇರಿಸಿ, ಒಂದೂವರೆ ಲೀಟರ್ ತಿಳಿಸಾರು ಮಾಡಿ, ನಾಲ್ಕು ಜನ ಮಧ್ಯಾಹ್ನಕ್ಕೂ ರಾತ್ರಿಗೂ ಬಡಿಸಿಕೊಂಡರೆ ಒಬ್ಬರಿಗೆ ಒಂದು ಊಟದಲ್ಲಿ ಸಿಗುವುದು 3 ಗ್ರಾಂಗಿಂತ ಕಡಿಮೆ. ನಿಮಗೆ ದಿನಕ್ಕೆ ಬೇಕಾದ್ದು ಸುಮಾರು 55ರಿಂದ 65 ಗ್ರಾಂ. ಸಾರು ಅನ್ನವನ್ನು ಕಲಸಲು ಸಹಾಯ ಮಾಡಿತು, ಹೊಟ್ಟೆ ತುಂಬಿಸಿದ್ದು ಅನ್ನ. ಪ್ರೋಟೀನೂ ನಾರೂ ಕಡಿಮೆಯಿರುವ ಊಟ ಬೇಗ ಕರಗುತ್ತದೆ, ನಾಲ್ಕೂವರೆ ಹೊತ್ತಿಗೆ ಕೈ ಬಿಸ್ಕತ್ತಿನ ಪೊಟ್ಟಣ ಹುಡುಕುತ್ತದೆ.

ಈಗ ನಿಮ್ಮ ಮೂರು ಆಯ್ಕೆಗಳಿಗೆ ಬರುತ್ತೇನೆ.

ಕೀಟೊ ತೂಕ ಇಳಿಸಲೆಂದು ಹುಟ್ಟಿದ್ದಲ್ಲ. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯ ರಸೆಲ್ ವೈಲ್ಡರ್ ಅದನ್ನು ಮೂರ್ಛೆರೋಗದ ಚಿಕಿತ್ಸೆಗಾಗಿ ಸೂಚಿಸಿದರು. ಔಷಧಕ್ಕೆ ಬಗ್ಗದ ಮೂರ್ಛೆರೋಗವಿರುವ ಮಕ್ಕಳಿಗೆ ಈಗಲೂ ವೈದ್ಯರ ಕಣ್ಣಳತೆಯಲ್ಲೇ ಅದನ್ನು ಕೊಡುತ್ತಾರೆ. ಅದರಲ್ಲಿ ದಿನಕ್ಕೆ ಪಿಷ್ಟ, ಸಕ್ಕರೆ ಎಲ್ಲ ಸೇರಿ 20ರಿಂದ 50 ಗ್ರಾಂ ಮಾತ್ರ. ಒಂದು ಪ್ಲೇಟ್ ಇಡ್ಲಿಯಲ್ಲೇ 25 ಗ್ರಾಂ ಹತ್ತಿರ ಮುಗಿಯುತ್ತದೆ. ಬೇಳೆಯೂ ಹಣ್ಣೂ ಹಾಲೂ ಲೆಕ್ಕ ದಾಟಿಸುತ್ತವೆ. ಕೊನೆಗೆ ಸಸ್ಯಾಹಾರಿಗೆ ಉಳಿಯುವುದು ಪನೀರು, ಚೀಸು, ಬೆಣ್ಣೆ, ತೆಂಗಿನೆಣ್ಣೆ, ಒಂದಿಷ್ಟು ಸೊಪ್ಪು. ನಿಮ್ಮ ಜೊತೆಯವರು ಇಳಿಸಿದ 6 ಕೆಜಿಯಲ್ಲಿ ಮೊದಲ ವಾರದ ಒಂದೂವರೆ ಎರಡು ಕೆಜಿ ನೀರು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಶೇಖರವಾದ ಗ್ಲೈಕೊಜೆನ್ ಎಂಬ ಪಿಷ್ಟ ತನ್ನ ತೂಕದ ಸುಮಾರು ಮೂರು ಪಟ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ, ಅದು ಖಾಲಿಯಾದಾಗ ನೀರೂ ಹೋಗುತ್ತದೆ. ಅನ್ನ ಮತ್ತೆ ಶುರುವಾದ ವಾರದಲ್ಲೇ ಅದು ವಾಪಸ್ ಬರುತ್ತದೆ. ಉಳಿದದ್ದು ನಿಜವಾದ ಇಳಿಕೆಯೇ ಇರಬಹುದು, ಅಲ್ಲಗಳೆಯುವುದಿಲ್ಲ. ಆದರೆ ಕೆಲವರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಜೋರಾಗಿ ಏರುತ್ತದೆ. ಇನ್ನೊಂದು ಎಚ್ಚರಿಕೆಯನ್ನು ದಯವಿಟ್ಟು ಮನಸ್ಸಿನಲ್ಲಿಡಿ: ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಕೀಟೊ ಮಾಡಿದರೆ ರಕ್ತ ಆಮ್ಲೀಯವಾಗಿ ಐಸಿಯು ಸೇರುವ ಅಪಾಯವಿದೆ. ರಕ್ತದ ಸಕ್ಕರೆ ಅಷ್ಟೇನೂ ಏರದೆಯೂ ಹಾಗಾಗಬಹುದು, ಅದರಿಂದ ಗುರುತು ಸಿಗುವುದು ತಡವಾಗುತ್ತದೆ. ಬಂಧುಗಳಲ್ಲಿ ಯಾರಾದರೂ ಆ ಮಾತ್ರೆಯಲ್ಲಿದ್ದರೆ ಹೇಳಿ.

ನಿಮಗೆ ಕೀಟೊ ಬೇಡ. ಮಗಳ ಎದುರು ಅಪ್ಪನೊಬ್ಬ ಬೇರೆ ತಟ್ಟೆ ಹಿಡಿದು ಕೂರುವ ಮನೆಯಲ್ಲಿ ಅದು ಎರಡು ಮೂರು ತಿಂಗಳಿಗಿಂತ ಹೆಚ್ಚು ನಡೆದದ್ದನ್ನು ನಾನು ಕಂಡದ್ದು ಅಪರೂಪ.

ಇನ್ನು 16:8. ದಿನದ 8 ಗಂಟೆಯೊಳಗೆ ಊಟ ತಿಂಡಿ ಮುಗಿಸಿ 16 ಗಂಟೆ ಖಾಲಿ ಹೊಟ್ಟೆಯಲ್ಲಿರುವುದು. ಇದರ ಮೇಲೆ ಒಳ್ಳೆಯ ಪರೀಕ್ಷೆಗಳು ನಡೆದಿವೆ. 2022ರಲ್ಲಿ ಚೀನಾದ ಗ್ವಾಂಗ್‌ಝೌನಲ್ಲಿ ಬೊಜ್ಜಿರುವ 139 ಜನರನ್ನು ಎರಡು ಗುಂಪು ಮಾಡಿ ಇಬ್ಬರಿಗೂ ಕ್ಯಾಲರಿ ಒಂದೇ ಪ್ರಮಾಣದಲ್ಲಿ ಇಳಿಸಿದರು, ಒಂದು ಗುಂಪಿಗೆ ಮಾತ್ರ 8 ಗಂಟೆಯ ಕಟ್ಟು ಹಾಕಿದರು. ವರ್ಷದ ಕೊನೆಗೆ ಹೊತ್ತಿನ ಕಟ್ಟಿದ್ದ ಗುಂಪು ಸರಾಸರಿ 8 ಕೆಜಿ, ಇನ್ನೊಂದು 6.3 ಕೆಜಿ ಇಳಿದಿತ್ತು. ಆ ವ್ಯತ್ಯಾಸ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲ. ಹೊತ್ತಿನ ಕಟ್ಟು ಕೆಲವರಿಗೆ ಕಡಿಮೆ ತಿನ್ನಲು ನೆರವಾಗುತ್ತದೆ, ಅಷ್ಟೇ. 2018ರ ಇನ್ನೊಂದು ಅಧ್ಯಯನವೂ ನೆನಪಾಗುತ್ತದೆ. ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟೋಫರ್ ಗಾರ್ಡ್ನರ್ ತಂಡ 609 ಜನರಲ್ಲಿ ಅರ್ಧ ಜನಕ್ಕೆ ಕೊಬ್ಬು ಕಡಿಮೆಯ ಊಟ, ಅರ್ಧ ಜನಕ್ಕೆ ಪಿಷ್ಟ ಕಡಿಮೆಯ ಊಟ ಹೇಳಿತು. ಇಬ್ಬರಿಗೂ ಸಕ್ಕರೆ, ಮೈದಾ ಬಿಡಿ, ತರಕಾರಿ ಹೆಚ್ಚು ತಿನ್ನಿ ಎಂದಿತು. ವರ್ಷದ ಮೇಲೆ ಕೊಬ್ಬು ಕಡಿಮೆಯ ಗುಂಪು ಸರಾಸರಿ 5.3 ಕೆಜಿ, ಪಿಷ್ಟ ಕಡಿಮೆಯ ಗುಂಪು 6 ಕೆಜಿ ಇಳಿದಿತ್ತು. ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಆದರೆ ಪ್ರತಿ ಗುಂಪಿನೊಳಗೂ ಕೆಲವರು ತುಂಬಾ ಇಳಿದಿದ್ದರು, ಕೆಲವರು ಏರಿದ್ದರು. ಡಯೆಟ್‌ನ ಹೆಸರಿಗಿಂತ ಅದನ್ನು ಬಿಡದೆ ನಡೆಸಿಕೊಂಡು ಹೋಗುವುದು ದೊಡ್ಡದು ಎಂದು ನಾನು ಎಲ್ಲರಿಗೂ ಹೇಳುವುದು ಇದೇ ಕಾರಣಕ್ಕೆ.

ನಿಮ್ಮ ದಿನಚರಿಗೆ 16:8ರ ಬದಲು ಒಂದು ಸಣ್ಣ ಬದಲಾವಣೆ ಸಾಕು. ಹೆಬ್ಬಾಳದ ಟ್ರಾಫಿಕ್ಕು ಮುಗಿಸಿ ಮನೆ ಸೇರಿ ಒಂಬತ್ತೂವರೆಗೆ ಊಟ ಮಾಡಿ, ಹತ್ತೂವರೆಗೆ ಮಲಗುತ್ತೀರಿ ಎಂದು ಬರೆದಿದ್ದೀರಿ. ಆ ಊಟ ಎಂಟಕ್ಕೆ ಬರಲಿ, ಬೆಳಿಗ್ಗೆ ಎಂಟಕ್ಕೆ ತಿಂಡಿ. 12 ಗಂಟೆ ತಾನಾಗಿ ಸಿಗುತ್ತದೆ. ಎಂಟಕ್ಕೆ ಮನೆ ಸೇರಲಾಗದ ದಿನ ಆಫೀಸಿನಲ್ಲೇ ಆರೂವರೆಗೆ ಒಂದು ಬಟ್ಟಲು ಉಸಲಿ, ಒಂದು ಮೊಟ್ಟೆ ತಿಂದುಬಿಡಿ, ರಾತ್ರಿಗೆ ಪಲ್ಯ ಮಜ್ಜಿಗೆ ಸಾಕಾಗುತ್ತದೆ.

ಅಮ್ಮನ ವಿಷಯ ಬೇರೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗ್ಲಿಮೆಪಿರೈಡ್ ನೀವು ತಿಂದಿದ್ದೀರೋ ಇಲ್ಲವೋ ನೋಡುವುದಿಲ್ಲ, ಇನ್ಸುಲಿನ್ ಹೊರಬರುವಂತೆ ಮಾಡುತ್ತಲೇ ಇರುತ್ತದೆ. ಆ ಮಾತ್ರೆ ನುಂಗಿ 16 ಗಂಟೆ ಉಪವಾಸ ಕೂತರೆ ಸಕ್ಕರೆ 70ರ ಕೆಳಗೆ ಇಳಿಯಬಹುದು. ಬೆವರು, ಕೈನಡುಕ, ಎದೆ ಡವಡವ, ತಲೆ ಮಂಕು. ವಯಸ್ಸಾದವರಲ್ಲಿ ಈ ಲಕ್ಷಣಗಳು ಸರಿಯಾಗಿ ಕಾಣಿಸದೆ ನೇರವಾಗಿ ತಲೆ ತಿರುಗಿ ಬೀಳುವುದೂ ಉಂಟು. ಹಾಗಾದಾಗ ತಕ್ಷಣ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಏಕಾದಶಿ ಅವರಿಗೆ ಬಿಡಲಾಗದ ವ್ರತವಾದರೆ, ಆ ದಿನದ ಮಾತ್ರೆ ಹೇಗೆ ಎಂದು ಮುಂಚೆಯೇ ಅವರ ವೈದ್ಯರನ್ನು ಕೇಳಿ ಬರೆಸಿಕೊಳ್ಳಿ. 16:8 ಅವರಿಗೆ ಬೇಡವೇ ಬೇಡ. ಈ ವಯಸ್ಸಿನಲ್ಲಿ ಊಟ ಬಿಟ್ಟರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ.

ಸಿರಿಧಾನ್ಯದ ಬಗ್ಗೆ ನನಗೆ ಪ್ರೀತಿಯಿದೆ, ಅದರ ಹೆಸರಿನಲ್ಲಿ ನಡೆಯುವ ಪ್ರಚಾರದ ಬಗ್ಗೆ ಬೇಸರವಿದೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದ ಮೇಲೆ ನವಣೆ, ಸಾಮೆ, ಆರಕ, ಊದಲು, ಕೊರಲೆ ಪ್ರತಿ ಬಡಾವಣೆಯ ಅಂಗಡಿಗೂ ಬಂದಿವೆ. ಒಳ್ಳೆಯದೇ. ಆದರೆ ಇವೂ ಧಾನ್ಯಗಳೇ, 100 ಗ್ರಾಂನಲ್ಲಿ ಇವುಗಳ ಕ್ಯಾಲರಿ ಅಕ್ಕಿಯ ಹತ್ತಿರವೇ ಇದೆ. ರಾಗಿಯನ್ನೇ ತೆಗೆದುಕೊಳ್ಳಿ. ನೂರು ಗ್ರಾಂನಲ್ಲಿ ಕ್ಯಾಲ್ಸಿಯಂ 364 ಮಿಲಿಗ್ರಾಂ, ನಾರು 11 ಗ್ರಾಂ. ಪಾಲಿಶ್ ಅಕ್ಕಿಯಲ್ಲಿ ಕ್ಯಾಲ್ಸಿಯಂ ಹತ್ತು ಮಿಲಿಗ್ರಾಂ ಕೂಡ ಇಲ್ಲ, ನಾರು 3 ಗ್ರಾಂ ಒಳಗೆ. ಇದರಲ್ಲಿ ರಾಗಿ ಗೆದ್ದಂತೆಯೇ. ಆದರೆ ಪಿಷ್ಟ ಅದರಲ್ಲೂ ಮೂರರಲ್ಲಿ ಎರಡು ಪಾಲಿದೆ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಕುಡಿದರೆ ಸಕ್ಕರೆ ಬೇಗನೆ ಏರುತ್ತದೆ, ಅದಕ್ಕೆ ಬೆಲ್ಲ ಹಾಕಿದರೆ ಕೇಳುವುದೇ ಬೇಡ. ಸಕ್ಕರೆಗಿಂತ ಬೆಲ್ಲ ಒಳ್ಳೆಯದೆಂಬ ನಂಬಿಕೆಯನ್ನೂ ಇಲ್ಲೇ ಬಿಟ್ಟುಬಿಡಿ. ರಕ್ತಕ್ಕೆ ಸೇರಿದ ಮೇಲೆ ಅವೆರಡರಲ್ಲಿ ಲೆಕ್ಕಕ್ಕೆ ಸಿಗುವಷ್ಟು ಭೇದವಿಲ್ಲ.

ಮುದ್ದೆ ಒಳ್ಳೆಯ ಊಟವಾಗುವುದು ಅದರ ಜೊತೆಗಿರುವುದರಿಂದ. ಬಸ್ಸಾರು ಮಾಡುವುದನ್ನು ನೆನಪಿಸಿಕೊಳ್ಳಿ. ಅಲಸಂದೆಯೋ ಹುರುಳಿಯೋ ಅವರೆಯೋ ಕಾಳು ಬೇಯಿಸಿ, ಅದರ ಜೊತೆ ದಂಟಿನ ಸೊಪ್ಪು, ಸಬ್ಬಸಿಗೆ ಸೊಪ್ಪು ಹಾಕಿ, ಕಟ್ಟನ್ನು ಬಸಿದುಕೊಳ್ಳುತ್ತಾರೆ. ಒಂದು ಹಿಡಿ ಬೆಂದ ಕಾಳನ್ನೇ ತೆಂಗಿನಕಾಯಿ, ಬೆಳ್ಳುಳ್ಳಿ, ಮೆಣಸಿನಕಾಯಿಯ ಜೊತೆ ರುಬ್ಬಿ ಆ ಕಟ್ಟಿಗೆ ಸೇರಿಸಿದರೆ ಸಾರು, ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಬ್ಬರ ಪಾಲಿಗೆ 50 ಗ್ರಾಂ ಕಾಳು, 100 ಗ್ರಾಂ ಸೊಪ್ಪು ಸಲೀಸಾಗಿ ಬರುತ್ತದೆ, ಬೇಯಿಸಿದ ನೀರೂ ಚೆಲ್ಲಿಹೋಗುವುದಿಲ್ಲ. ಇದರ ಪಕ್ಕದಲ್ಲಿ ಒಂದು ಸಣ್ಣ ಮುದ್ದೆ ಇರಲಿ, ಅನ್ನವೇ ಇರಲಿ, ನನಗೆ ಎರಡೂ ಒಪ್ಪಿಗೆ. ಅದೇ ಮುದ್ದೆಯನ್ನು ದೊಡ್ಡದು ಮಾಡಿ ನೀರು ಸಾರಿಗೆ ಅದ್ದಿ ನುಂಗಿದರೆ ಹೊಲದಲ್ಲಿ ದುಡಿದವರಿಗೆ ನಡೆಯುತ್ತಿತ್ತು, ದಿನವಿಡೀ ಕುರ್ಚಿಯಲ್ಲಿ ಕೂರುವವರಿಗೆ ನಡೆಯುವುದಿಲ್ಲ. ಸಿರಿಧಾನ್ಯ ಕಷಾಯ ಕುಡಿದು ಮಾತ್ರೆ ನಿಲ್ಲಿಸಿ ಎನ್ನುವ ವಿಡಿಯೊಗಳನ್ನು ಅಮ್ಮನ ಫೋನಿನಿಂದ ಅಳಿಸಿ, ಮಾತ್ರೆ ನಿಲ್ಲಿಸಿ ಕಣ್ಣು, ಮೂತ್ರಪಿಂಡ ಹಾಳು ಮಾಡಿಕೊಂಡು ಬಂದವರನ್ನು ನೋಡಿ ಹೇಳುತ್ತಿದ್ದೇನೆ.

ಹಾಗಾದರೆ ಅನ್ನ ಬಿಡಬೇಕೇ? ಬೇಡ. ಮೂಟೆ ಬದಲಾಗಲಿ. ತಿಂಗಳಿಗೆ ಅಕ್ಕಿ 15 ಕೆಜಿ ತನ್ನಿ, ಬೇಳೆಕಾಳು 10 ಕೆಜಿಗೆ ಏರಿಸಿ. ಅದರಲ್ಲಿ ಅರ್ಧ ಇಡೀ ಕಾಳು: ಕಡಲೆಕಾಳು, ಹೆಸರುಕಾಳು, ಅಲಸಂದೆ, ಹುರುಳಿ, ಬಟಾಣಿ. ಎಣ್ಣೆ ಮೂರೂವರೆ ಲೀಟರಿಗೆ ನಿಲ್ಲಿಸಿ, ಸಕ್ಕರೆ ಬೆಲ್ಲ ಒಟ್ಟು 3 ಕೆಜಿ ಒಳಗೆ. ಇಷ್ಟರಿಂದಲೇ ತಲೆಗೆ ದಿನಕ್ಕೆ ಹೆಚ್ಚುಕಡಿಮೆ 250ರಿಂದ 300 ಕ್ಯಾಲರಿ ಇಳಿಯುತ್ತದೆ, ಯಾರಿಗೂ ಬೇರೆ ಅಡುಗೆ ಮಾಡಬೇಕಿಲ್ಲ, ಯಾವ ಆ್ಯಪೂ ಬೇಕಿಲ್ಲ. ಮಗಳು ಬೆಳೆಯುವ ಹುಡುಗಿ, ಅವಳ ಊಟದಲ್ಲಿ ಕಡಿತ ಬೇಡ. ಹಾಲು, ಕಡಲೆಕಾಯಿ, ತುಪ್ಪ ಅವಳ ಪಾಲಿಗೆ ಧಾರಾಳವಾಗಿರಲಿ. ಕಾಳು ಒಮ್ಮೆಗೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರ ಖಂಡಿತ. ರಾತ್ರಿ ನೆನೆಸಿ, ನೆನೆಸಿದ ನೀರು ಚೆಲ್ಲಿ, ಇಂಗು ಶುಂಠಿ ಹಾಕಿ, ವಾರಕ್ಕೆ ಇಷ್ಟಿಷ್ಟು ಏರಿಸಿ. ಮೂತ್ರಪಿಂಡದ ಸ್ಥಿತಿ ಹೇಳುವ ರಕ್ತಪರೀಕ್ಷೆಯಲ್ಲಿ ಅಮ್ಮನ ಕ್ರಿಯಾಟಿನಿನ್ ಹೆಚ್ಚಿದೆಯೇ ಎಂದು ಮೊದಲು ನೋಡಿ, ಹೆಚ್ಚಿದ್ದರೆ ಅವರ ಬೇಳೆಯ ಪ್ರಮಾಣ ವೈದ್ಯರು ಹೇಳಲಿ.

ಅವರೆಕಾಯಿ ಕಾಲದಲ್ಲಿ ಈ ಮಾತು ಹೇಳುವುದು ಸುಲಭ. ಚಳಿಗಾಲದಲ್ಲಿ ಮಾಗಡಿ ಅವರೆ ಬಂದಾಗ ಹಿತಕಿದ ಬೇಳೆ ಸಾರು, ಅವರೆಕಾಳು ಉಪ್ಪಿಟ್ಟು ಎಂದು ಬೆಂಗಳೂರಿನ ಮನೆಗಳೆಲ್ಲ ತಿಳಿಯದೆಯೇ ಸರಿಯಾಗಿ ಉಣ್ಣುತ್ತವೆ. ಉಳಿದ ತಿಂಗಳುಗಳಲ್ಲೂ ಆ ಪ್ರಮಾಣದ ಕಾಳು ತಟ್ಟೆಗೆ ಬರಬೇಕು.

ಹೊರಗಿನ ತಿಂಡಿ ಬಿಡಿ ಎಂದು ನಾನು ಹೇಳುವುದಿಲ್ಲ, ದರ್ಶಿನಿ ಇಲ್ಲದ ಬೆಂಗಳೂರಿನ ಬೆಳಿಗ್ಗೆ ನನಗೂ ಇಷ್ಟವಿಲ್ಲ. ಚೌಚೌ ಬಾತ್ ದಿನಾ ಬೇಡ, ಎಣ್ಣೆ ಸಕ್ಕರೆ ಎರಡೂ ಒಂದೇ ತಟ್ಟೆಯಲ್ಲಿ ಬರುತ್ತವೆ. ಇಡ್ಲಿ ತಗೊಳ್ಳಿ, ಸಾಂಬಾರ್ ಇನ್ನೊಂದು ಬಟ್ಟಲು ಕೇಳಿ, ಚಟ್ನಿಯಲ್ಲಿ ಹುರಿಗಡಲೆ ಇದ್ದರೆ ಇನ್ನೂ ಒಳ್ಳೆಯದು. ವಾರಕ್ಕೆ ಒಮ್ಮೆ ವಡೆಯೂ ಇರಲಿ. ಮನೆಯಿಂದ ಬೇಯಿಸಿದ ಎರಡು ಮೊಟ್ಟೆ ಒಯ್ದು ಆಫೀಸಿನಲ್ಲಿ ತಿನ್ನಿ. ಕಾಫಿಯ ಲೆಕ್ಕ ಮಾತ್ರ ಕಟ್ಟುನಿಟ್ಟಾಗಿ: ದಿನಕ್ಕೆ 4 ಕಾಫಿ, ತಲಾ 2 ಚಮಚ ಸಕ್ಕರೆ ಎಂದಿದ್ದೀರಿ. ಚಮಚಕ್ಕೆ 5 ಗ್ರಾಂ ಹಿಡಿದರೂ 40 ಗ್ರಾಂ, ಇಡೀ ದಿನದ ಮಿತಿಯನ್ನು ಕಾಫಿಯೊಂದೇ ದಾಟಿಸಿತು. ಎರಡಕ್ಕೆ ಇಳಿಸಿ, ಶುಗರ್‌ಲೆಸ್ ಕೇಳಿ. ಮೊದಲ ಕೆಲವು ದಿನ ಕಹಿ ಅನ್ನಿಸುತ್ತದೆ, ಆಮೇಲೆ ಡಿಕಾಕ್ಷನ್ನಿನ ರುಚಿ ಗೊತ್ತಾಗುತ್ತದೆ. ಊಟದ ಜೊತೆಗೇ ಕಾಫಿ ಟೀ ಬೇಡ, ಕಾಳು ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದನ್ನು ಅವು ತಡೆಯುತ್ತವೆ. ನಿಂಬೆರಸ ಹಿಂಡಿದರೆ ಹೆಚ್ಚು ಹತ್ತುತ್ತದೆ.

ಸಂಜೆಯ ಮಲ್ಟಿಗ್ರೇನ್ ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ಓದಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕೆಂಬ ನಿಯಮವಿದೆ. ಮೊದಲು ಮೈದಾ, ಆಮೇಲೆ ಸಕ್ಕರೆ, ತಾಳೆ ಎಣ್ಣೆ, ಎಲ್ಲೋ ಕೊನೆಗೆ ರಾಗಿ ಓಟ್ಸ್ ಇದ್ದರೆ ಅದು ಮೈದಾ ಬಿಸ್ಕತ್ತೇ. ಅದರ ಬದಲು ಒಂದು ಹಿಡಿ ಹುರಿಗಡಲೆ, ಒಂದು ಹಿಡಿ ಕಡಲೆಕಾಯಿ.

ಊಟದ ಕ್ರಮದಲ್ಲೂ ಒಂದು ಉಪಾಯವಿದೆ. ಮದುವೆ ಮನೆಯ ಎಲೆಗೆ ಮೊದಲು ಬೀಳುವುದು ಕೋಸಂಬರಿ, ಪಲ್ಯ. ಅನ್ನ ಬರುವವರೆಗೆ ಕಾಯದೆ ಅವನ್ನೇ ಮೊದಲು ತಿಂದು ಮುಗಿಸಿ, ಆಮೇಲೆ ಅನ್ನಕ್ಕೆ ಕೈ ಹಾಕಿ. ತರಕಾರಿ, ಪ್ರೋಟೀನ್ ಮೊದಲು ಹೋದರೆ ಊಟದ ನಂತರ ಸಕ್ಕರೆ ಏರುವುದು ಕಡಿಮೆಯಾಗುತ್ತದೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೂ ಅದೇ ಲಾಭ.

ನಿಮ್ಮ 6.1 ಮಧುಮೇಹವಲ್ಲ. 5.7ರಿಂದ 6.4ರವರೆಗಿನದು ಅದರ ಹಿಂದಿನ ಹಂತ, ಹಿಂದಕ್ಕೆ ಬರಲು ಸಾಧ್ಯವಿರುವ ಹಂತ. ಅಮೆರಿಕದ ದೊಡ್ಡ ಮಧುಮೇಹ ತಡೆ ಅಧ್ಯಯನ 2002ರಲ್ಲಿ ತೋರಿಸಿದ್ದು ಇದನ್ನೇ. ತೂಕದಲ್ಲಿ ಶೇ 7 ಇಳಿಸಿ, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವ ಗುರಿ ಹಿಡಿದವರಲ್ಲಿ ಮಧುಮೇಹಕ್ಕೆ ತಿರುಗುವುದು ಶೇ 58ರಷ್ಟು ತಗ್ಗಿತು, ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಶೇ 31ರಷ್ಟು. ನಿಮಗೆ ಶೇ 7 ಎಂದರೆ ಹತ್ತಿರ 6 ಕೆಜಿ. ಅದನ್ನು ಒಂದು ತಿಂಗಳಲ್ಲಿ ಅಲ್ಲ, ಆರು ತಿಂಗಳಲ್ಲಿ ಇಳಿಸಿ. ಸೊಂಟದ ಅಳತೆಯನ್ನು ತೂಕಕ್ಕಿಂತ ಹೆಚ್ಚು ಗಮನಿಸಿ. ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮಿತಿ.

ಎಚ್‌ಬಿಎ1ಸಿಯನ್ನು ಮೂರು ತಿಂಗಳ ಮೊದಲು ಮತ್ತೆ ಮಾಡಿಸಬೇಡಿ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಅದಕ್ಕಿಂತ ಬೇಗ ನೋಡಿದರೆ ಬದಲಾವಣೆ ಪೂರ್ತಿ ಕಾಣುವುದಿಲ್ಲ. ಅದೇ ರಕ್ತದಲ್ಲಿ ಹಿಮೊಗ್ಲೋಬಿನ್, ಮೈಯಲ್ಲಿರುವ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ವಿಟಮಿನ್ ಬಿ12 ಕೂಡ ನೋಡಿಸಿ. ಕಬ್ಬಿಣದ ಕೊರತೆಯಿದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು. ಬಿ12 ಸಸ್ಯಾಹಾರಿಗಳಲ್ಲಿ ಕಡಿಮೆಯಿರುವುದು ಸಾಮಾನ್ಯ, ಮೆಟ್‌ಫಾರ್ಮಿನ್ ಬಹಳ ಕಾಲ ತೆಗೆದುಕೊಂಡವರಲ್ಲಿ ಇನ್ನೂ ಕಡಿಮೆಯಾಗುತ್ತದೆ. ಆದ್ದರಿಂದ ಅಮ್ಮನಿಗೂ ಅದೊಂದು ಪರೀಕ್ಷೆ ಮಾಡಿಸಿ. ವರದಿಯ ಜೊತೆಗೆ ಆ ಮೂರು ತಿಂಗಳ ದಿನಸಿ ಚೀಟಿಗಳನ್ನೂ ಕಳಿಸಿಕೊಡಿ.